ಉದ್ಯೋಗಾರ್ಥಿಯ ಬಿನ್ನಹ

ನಮ್ಮ ಹಿರಿಯರು ಕಾಗದ ಬರೆಯುವುದನ್ನು ಒಂದು ವಿದ್ಯೆಯೆಂದೇ ಎಣಿಸಿದ್ದರು. ಅದರ ವಾಕ್ಯರಚನೆಗೆ ‘ಒಕ್ಕಣೆ’ ಎಂಬ ಪ್ರತ್ಯೇಕವಾದ ಹೆಸರೇ ಇದ್ದಿತು. ತಂದೆಗೆ ಬರೆಯುವಾಗ ‘ತೀರ್ಥರೂಪ’ ಎಂದೂ, ತಾಯಿಗೆ ಬರೆಯುವಾಗ ‘ಮಾತೃಶ್ರೀ’ ಎಂದೂ, ಕಿರಿಯರಿಗೆ ಬರೆಯುವಾಗ ‘ಚಿರಂಜೀವಿ’ ಎಂದೂ ಆರಂಭಿಸಿ, ‘ಉಭಯಕುಶಲೋಪರಿ’ ಎಂದು ಮುಂದುವರಿದರೆ ಅರ್ಧ ಕಾಗದವು ತಾನಾಗಿಯೇ ತುಂಬಿಹೋಗುತ್ತಿದ್ದಿತು. ಬಂಧುಗಳಿಗೆ ಬರೆಯುವ ಕಾಗದಕ್ಕೆ ಇಂತಹ ಸಿದ್ಧವಾದ ದಾರಿಯಿದ್ದುದು ಒಳ್ಳೆಯದೇ. ಏಕೆಂದರೆ ಬರೆದವರು ಎಂಥವರೆಂಬುದು ಓದುವವರಿಗೆ ಮೊದಲೇ ತಿಳಿದಿರುತ್ತಿದ್ದಿತು. ಆದರೆ ತನ್ನ ಮುಖವನ್ನೇ ಕಾಣದ ಒಬ್ಬರಿಗೆ, ಅವರ ಕಛೇರಿಯಲ್ಲಿ ಖಾಲಿಯಿರುವ ಸ್ಥಾನವೊಂದಕ್ಕೆ ತನ್ನನ್ನು ತೆಗೆದುಕೊಳ್ಳಬೇಕೆಂದು ಬರೆಯುವ ಕಾಗದವು ಬೇರೆಯ ಜಾತಿಯದು. ಅಲ್ಲಿ ಸಿದ್ಧವಾದ ಒಕ್ಕಣೆಯು ಉಪಯೋಗಕ್ಕೆ ಬಾರದು. ಅರ್ಜಿಯ ಜೊತೆಗೆ ಹೋಗುವ ಈ ಕಾಗದವನ್ನು ಈಗಿನವರು ‘ಕವರಿಂಗ್ ಲೆಟರ್’ ಎಂದು ಕರೆಯುತ್ತಾರೆ. ಅದನ್ನು ಹೇಗೆ ಬರೆಯಬೇಕೆಂಬುದನ್ನು ಕುರಿತು ನನಗೆ ತೋರಿದ ನಾಲ್ಕು ಮಾತುಗಳನ್ನು ಇಲ್ಲಿ ವಾಚಕರ ಮುಂದಿಡಬೇಕೆಂದಿದ್ದೇನೆ.

ಸಂಸ್ಕೃತ ಪಾಠವನ್ನು ಹೇಳುತ್ತ ಆಯುಷ್ಯವನ್ನು ಸವೆಸಿದ ಮೇಷ್ಟರಿಗೆ ಈ ವ್ಯವಹಾರದ ಗೊಡವೆ ಏತಕ್ಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ಶಾಲೆಯಲ್ಲಿದ್ದ ಕಡೆಯ ಕೆಲವು ವರ್ಷಗಳಲ್ಲಿ, ಉಪಾಧ್ಯಾಯರ ಸ್ಥಾನಗಳಿಗೆ ಬಂದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ನನ್ನನ್ನೂ ಕೂರಿಸುತ್ತಿದ್ದರು. ಒಂದು ಸ್ಥಾನಕ್ಕೆ ನೂರರ ಸಮೀಪಕ್ಕೆ ಕಾಗದಗಳು ಬರುತ್ತಿದ್ದುವು. ಸಂಜೆ ಶಾಲೆ ಬಿಟ್ಟ ಮೇಲೆ, ಹಸಿದ ಹೊಟ್ಟೆಯಲ್ಲಿ, ಅವುಗಳನ್ನೆಲ್ಲ ಓದಿ ಹತ್ತನ್ನು ಆರಿಸಬೇಕಾಗಿದ್ದಿತು. ಇದು ಒಂದು ಕಾರಣ. ನಾನು ನಿವೃತ್ತನಾದಮೇಲೆ ಹಳೆಯ ಶಿಷ್ಯರೂ ಅವರ ತಮ್ಮಂದಿರೂ ತಂಗಿಯರೂ ತಮ್ಮ ಅರ್ಜಿಗಳನ್ನು ತಿದ್ದಿಕೊಡಬೇಕೆಂದು ಮನೆಗೆ ಬರುತ್ತಿರುವುದು ಎರಡನೆಯ ಕಾರಣ. ಹೀಗಾಗಿ ಬರೆಯುವವರ ಕಷ್ಟವನ್ನೂ ಓದುವವರ ಕಷ್ಟವನ್ನೂ ಕಂಡಿದ್ದೇನೆ.

ಮೊದಲು ಒಂದು ಮಾತನ್ನು ಹೇಳಿಬಿಡಬೇಕು. ಸರ್ಕಾರದ ನೌಕರಿಗಳಿಗೆ ಈಗ ಇಂತಹ ಕಾಗದದ ಅವಶ್ಯಕತೆಯು ಬಹುಮಟ್ಟಿಗೆ ಇಲ್ಲ. ಲೋಕಸೇವಾ ಆಯೋಗದಂತಹ ಸಂಸ್ಥೆಗಳು ಅಂತರ್ಜಾಲದಲ್ಲಿಯೇ ಅರ್ಜಿಯ ನಮೂನೆಯನ್ನು ಇಟ್ಟಿರುತ್ತವೆ. ಅಂಕಣಗಳನ್ನು ತುಂಬಿ, ಶುಲ್ಕವನ್ನು ಕಟ್ಟಿ, ಪರೀಕ್ಷೆಗೆ ಕೂರಬೇಕು. ಅಲ್ಲಿ ಒಕ್ಕಣೆಗೆ ಎಡೆಯಿಲ್ಲ. ಆದರೆ ಖಾಸಗಿ ಶಾಲೆಗಳು, ಆಸ್ಪತ್ರೆಗಳು, ವ್ಯಾಪಾರದ ಸಂಸ್ಥೆಗಳು, ಕಾರ್ಖಾನೆಗಳು ಇವುಗಳಲ್ಲಿ ಮನುಷ್ಯನೊಬ್ಬನು ಇನ್ನೊಬ್ಬ ಮನುಷ್ಯನ ಕಾಗದವನ್ನು ಓದಿ ಕರೆಯುವ ಪದ್ಧತಿಯು ಇನ್ನೂ ಉಳಿದಿದೆ. ನಮ್ಮ ಮಕ್ಕಳಲ್ಲಿ ಅನೇಕರು ಅನ್ನವನ್ನು ಕಾಣಬೇಕಾಗಿರುವುದು ಅಲ್ಲಿಯೇ.

ಅರ್ಜಿ ಎಂಬುದು ಅರಬ್ಬೀ ಮೂಲದಿಂದ ಪಾರಸಿಯ ಮಾರ್ಗವಾಗಿ ನಮಗೆ ಬಂದ ಶಬ್ದ. ಅದಕ್ಕೆ ಮುಂಚೆ ಕನ್ನಡದಲ್ಲಿ ಬಳಕೆಯಲ್ಲಿದ್ದುದು ‘ಬಿನ್ನಹ’ ಅಥವಾ ‘ಬಿನ್ನಪ’. ಇದು ಸಂಸ್ಕೃತದ ‘ವಿಜ್ಞಾಪನ’ ಶಬ್ದದ ತದ್ಭವ. ‘ಜ್ಞಾ’ ಎಂದರೆ ತಿಳಿ. ‘ವಿಜ್ಞಾಪನ’ವೆಂದರೆ ಚೆನ್ನಾಗಿ ತಿಳಿಯುವಂತೆ ಮಾಡುವುದು. ಬೇಡುವುದಕ್ಕೆ ‘ಯಾಚನೆ’ ಎಂಬ ಬೇರೆ ಶಬ್ದವೇ ಉಂಟು. ಈ ಎರಡಕ್ಕೂ ಇರುವ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆಯೇ ಸರಿ. ಕೆಲಸ ಮಾಡಿಸಬೇಕಾದವರಿಗೆ ಒಬ್ಬ ಯೋಗ್ಯನು ಬೇಕಾಗಿದ್ದಾನೆ. ಕೆಲಸ ಮಾಡಬಲ್ಲವನಿಗೆ ಒಂದು ಸ್ಥಾನ ಬೇಕಾಗಿದೆ. ತಾನು ಇಂಥವನು, ಇಂತಿಂಥದನ್ನು ಮಾಡಬಲ್ಲೆನು ಎಂಬುದನ್ನು ಅವರಿಗೆ ತಿಳಿಯುವಂತೆ ಮಾಡುವುದೇ ಈ ಕಾಗದದ ಪ್ರಯೋಜನ. ಅದು ಭಿಕ್ಷಾಪಾತ್ರೆಯೂ ಅಲ್ಲ, ಬಿರುದಾವಳಿಯೂ ಅಲ್ಲ.

ಆದರೆ ನಾನು ಓದಿದ ಕಾಗದಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದಾಗಿದ್ದುವು. ಕೆಲವರು ಹಳೆಯ ಕಛೇರಿಗಳ ಕಾಲದಿಂದ ಬಂದ ಒಕ್ಕಣೆಯನ್ನು ಹಿಡಿದು, ‘ಈ ಬಡವನ ಕುಟುಂಬವನ್ನು ಉದ್ಧರಿಸಬೇಕು’ ಎಂದು ಬರೆಯುತ್ತಿದ್ದರು. ಓದುವವನ ಹೃದಯವು ಕರಗಿದರೂ ಅವನೇನು ಮಾಡಿಯಾನು? ಬಂದ ನೂರು ಜನರಲ್ಲಿ ಎಂಬತ್ತು ಜನ ಬಡವರೇ. ಬಡತನವು ಗಣಿತವನ್ನು ಚೆನ್ನಾಗಿ ಬೋಧಿಸುವುದಕ್ಕೆ ಸಾಕ್ಷಿಯಾಗಲಾರದು. ಮತ್ತೆ ಕೆಲವರು ಹೊಸ ಕಾಲದ ಒಕ್ಕಣೆಯನ್ನು ಹಿಡಿದು, ತಾವು ಅತ್ಯುತ್ಸಾಹಿಗಳು, ಪರಿಶ್ರಮಿಗಳು, ಎಲ್ಲರೊಡನೆ ಬೆರೆತು ಕೆಲಸ ಮಾಡುವವರು, ನಾಯಕತ್ವದ ಗುಣವುಳ್ಳವರು ಎಂದು ವಿಶೇಷಣಗಳನ್ನು ಪೋಣಿಸುತ್ತಿದ್ದರು. ವ್ಯಾಕರಣದಲ್ಲಿ ವಿಶೇಷಣದ ಕೆಲಸವು ಒಂದನ್ನು ಇತರ ವಸ್ತುಗಳಿಂದ ಬೇರ್ಪಡಿಸಿ ತೋರಿಸುವುದು. ನೀಲವಾದ ಕಮಲ ಎಂದರೆ ಕೆಂಪು ಕಮಲವನ್ನು ಬಿಟ್ಟಂತಾಯಿತು. ನೂರು ಜನರೂ ತಮ್ಮನ್ನು ಪರಿಶ್ರಮಿಗಳೆಂದು ಕರೆದುಕೊಂಡಮೇಲೆ ಆ ವಿಶೇಷಣದಿಂದ ಬೇರ್ಪಟ್ಟವರು ಯಾರು? ದೈನ್ಯವೂ ಆತ್ಮಸ್ತುತಿಯೂ ನೋಡುವುದಕ್ಕೆ ಎದುರುಬದುರಾಗಿದ್ದರೂ ಇವುಗಳ ದೋಷವು ಒಂದೇ: ಓದುವವನು ತಿಳಿಯಬೇಕಾದುದನ್ನು ಎರಡೂ ತಿಳಿಸುವುದಿಲ್ಲ.

ಹಾಗಾದರೆ ತಿಳಿಸುವ ಕ್ರಮವಾವುದು? ಇದಕ್ಕೆ ನಮ್ಮಲ್ಲಿ ಬಹಳ ಹಿಂದೆಯೇ ಲಕ್ಷಣವನ್ನು ಹೇಳಿದ್ದಾರೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿ, 1915ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಎಲ್ಲರೂ ಕೇಳಿಬಲ್ಲರು. ರಾಜನೀತಿಯ ಗ್ರಂಥವೆಂದು ಅದಕ್ಕೆ ಪ್ರಸಿದ್ಧಿ. ಅದರ ಎರಡನೆಯ ಅಧಿಕರಣದಲ್ಲಿ, ರಾಜನ ಶಾಸನಪತ್ರಗಳನ್ನು ಬರೆಯುವ ಲೇಖಕನಿಗಾಗಿ ಒಂದು ಅಧ್ಯಾಯವೇ ಇದೆ. ಬರಹಕ್ಕೆ ಇರಬೇಕಾದ ಆರು ಗುಣಗಳನ್ನೂ ಇರಬಾರದ ಐದು ದೋಷಗಳನ್ನೂ ಅಲ್ಲಿ ಎಣಿಸಿದ್ದಾನೆ. ಅರಸನ ಪತ್ರಕ್ಕೆ ಹೇಳಿದುದು ಉಮೇದುವಾರನ ಪತ್ರಕ್ಕೂ ಹೊಂದುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಗುಣಗಳಲ್ಲಿ ಮೊದಲನೆಯದು ಅರ್ಥಕ್ರಮ. ಅಂದರೆ ವಿಷಯಗಳನ್ನು ತಕ್ಕ ಅನುಕ್ರಮದಲ್ಲಿಟ್ಟು, ಮುಖ್ಯವಾದುದನ್ನು ಮೊದಲು ಹೇಳುವುದು. ಯಾವ ಸ್ಥಾನಕ್ಕಾಗಿ ಬರೆಯುತ್ತಿದ್ದೇನೆ, ಅದು ಖಾಲಿಯಿರುವುದು ಎಲ್ಲಿಂದ ತಿಳಿಯಿತು, ಅದಕ್ಕೆ ನಾನು ತಕ್ಕವನೆನ್ನುವುದಕ್ಕೆ ಮುಖ್ಯ ಕಾರಣವೇನು, ಇವು ಮೊದಲ ನಾಲ್ಕು ಸಾಲುಗಳಲ್ಲಿಯೇ ಬರಬೇಕು. ಹುಟ್ಟಿದ ಊರಿನಿಂದ ಆರಂಭಿಸಿದ ಕಾಗದವು ಕೆಲಸದ ಮಾತಿಗೆ ಬರುವಷ್ಟರಲ್ಲಿ ಓದುವವನು ಮುಂದಿನ ಕಾಗದವನ್ನು ಎತ್ತಿಕೊಂಡಿರುತ್ತಾನೆ. ಎರಡನೆಯದು ಸಂಬಂಧ, ಹಿಂದೆ ಹೇಳಿದುದಕ್ಕೆ ಮುಂದೆ ಹೇಳುವುದು ಕಡೆಯವರೆಗೂ ಹೊಂದಿಕೊಂಡು ಹೋಗಬೇಕು. ಮೂರನೆಯದು ಪರಿಪೂರ್ಣತೆ, ಅರ್ಥದಲ್ಲಿಯೂ ಪದದಲ್ಲಿಯೂ ಅಕ್ಷರದಲ್ಲಿಯೂ ಕೊರತೆಯೂ ಇರಬಾರದು, ಅಧಿಕವೂ ಇರಬಾರದು, ಹೇಳಿದುದನ್ನು ಕಾರಣದಿಂದಲೂ ಉದಾಹರಣೆಯಿಂದಲೂ ಸ್ಥಾಪಿಸಬೇಕು. ಉಮೇದುವಾರರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ‘ಪರಿಶ್ರಮಿ’ ಎಂದು ಬರೆಯುವುದರ ಬದಲು, ಪರಿಶ್ರಮದಿಂದ ಮಾಡಿದ ಒಂದು ಕೆಲಸವನ್ನು ಅದರ ಕಾಲ, ಪರಿಮಾಣ, ಫಲಗಳೊಡನೆ ಹೇಳಿದರೆ ಆ ವಿಶೇಷಣವನ್ನು ಓದುವವನೇ ಸೇರಿಸಿಕೊಳ್ಳುತ್ತಾನೆ. ಉಳಿದವು ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬುವು. ಸುಲಭವಾಗಿ ಮನಸ್ಸಿಗೆ ಇಳಿಯುವ ಮಾತು, ಗ್ರಾಮ್ಯವಲ್ಲದ ಮಾತು, ಎಲ್ಲರಿಗೂ ತಿಳಿದಿರುವ ಮಾತು ಎಂದು ಇವುಗಳ ತಾತ್ಪರ್ಯ. ನಿಘಂಟನ್ನು ತೆರೆದು ದೊಡ್ಡ ಶಬ್ದಗಳನ್ನು ಹುಡುಕುವವರು ಕಡೆಯ ಗುಣವನ್ನು ನೆನೆದರೆ ಕ್ಷೇಮ.

ಇನ್ನು ದೋಷಗಳು. ಅಕಾಂತಿ ಎಂದರೆ ಮಾಸಿದ ಓಲೆಯಲ್ಲಿ ಸೊಟ್ಟಾದ, ಮಸುಕಾದ ಅಕ್ಷರಗಳಿರುವುದು. ಈಗ ಓಲೆಯ ಸ್ಥಾನಕ್ಕೆ ಗಣಕಯಂತ್ರದ ಪರದೆ ಬಂದಿದೆ. ಆದರೆ ಒಂದೇ ಕಾಗದದಲ್ಲಿ ಮೂರು ಬಗೆಯ ಅಕ್ಷರಗಳು, ಅಂಚು ತಪ್ಪಿದ ಸಾಲುಗಳು, ವಾರೆಯಾಗಿ ಫೋಟೋ ಹಿಡಿದ ಪ್ರಮಾಣಪತ್ರಗಳು, ಇವು ಇಂದಿನ ಅಕಾಂತಿ. ವ್ಯಾಘಾತವೆಂದರೆ ಹಿಂದುಮುಂದಿನ ಮಾತುಗಳಿಗೆ ವಿರೋಧ. ಕಾಗದದಲ್ಲಿ ಐದು ವರ್ಷದ ಅನುಭವವೆಂದೂ, ಜೊತೆಗಿಟ್ಟ ವಿವರಪಟ್ಟಿಯಲ್ಲಿ ಮೂರು ವರ್ಷವೆಂದೂ ಇದ್ದರೆ ಸತ್ಯವಾದ ಮೂರು ವರ್ಷವೂ ಹೋಗುತ್ತದೆ. ಪುನರುಕ್ತವೆಂದರೆ ಹೇಳಿದುದನ್ನೇ ಹೊಸ ವಿಶೇಷವಿಲ್ಲದೆ ಮತ್ತೆ ಹೇಳುವುದು. ವಿವರಪಟ್ಟಿಯಲ್ಲಿ ಇರುವುದನ್ನೆಲ್ಲ ಕಾಗದದಲ್ಲಿ ಮತ್ತೊಮ್ಮೆ ಇಳಿಸುವವರು ಇದಕ್ಕೆ ಗುರಿಯಾಗುತ್ತಾರೆ. ಅಪಶಬ್ದವು ಲಿಂಗ, ವಚನ, ಕಾಲ, ಕಾರಕಗಳ ತಪ್ಪು. ಕಡೆಯದಾದ ಸಂಪ್ಲವವು ನಿಲ್ಲಿಸಬಾರದ ಕಡೆ ನಿಲ್ಲಿಸಿ, ನಿಲ್ಲಿಸಬೇಕಾದ ಕಡೆ ನಿಲ್ಲಿಸದೆ ಬರೆಯುವುದು; ಒಂದು ಪುಟದ ತುಂಬ ಒಂದೇ ವಾಕ್ಯಖಂಡವನ್ನು ತುರುಕುವವರಲ್ಲಿ ಇದನ್ನು ಕಾಣಬಹುದು. ಈ ಹನ್ನೊಂದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಕಾಗದ ಮುಗಿದಮೇಲೆ ಒಂದೊಂದಾಗಿ ಪರೀಕ್ಷಿಸಿದರೆ ಬೇರೆ ಗುರುವಿನ ಅಪೇಕ್ಷೆಯಿಲ್ಲ.

ಲಕ್ಷಣಕ್ಕೆ ಲಕ್ಷ್ಯವು ಬೇಕಷ್ಟೆ. ಲೋಕವೇ ಬಲ್ಲ ಒಬ್ಬರ ಅರ್ಜಿಯನ್ನು ನೋಡೋಣ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1912ರ ಫೆಬ್ರವರಿ 9ರಂದು ಮದರಾಸಿನ ಪೋರ್ಟ್ ಟ್ರಸ್ಟ್ ಕಛೇರಿಗೆ ಒಂದು ಗುಮಾಸ್ತೆಯ ಕೆಲಸಕ್ಕಾಗಿ ಬರೆದರು. ಆಗ ಅವರಿಗೆ 24 ವರ್ಷ. ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳನ್ನು ಅಲಕ್ಷ್ಯಮಾಡಿ ತೇರ್ಗಡೆಯಾಗದೆ ಉಳಿದಿದ್ದರು; ಮದುವೆಯಾಗಿದ್ದಿತು; ಕೈಯಲ್ಲಿ ಹಣವಿರಲಿಲ್ಲ. ಆ ಕಾಗದದಲ್ಲಿರುವುದು ಐದಾರು ವಾಕ್ಯಗಳು ಮಾತ್ರ. ಒಂದು ಗುಮಾಸ್ತೆಯ ಸ್ಥಾನವು ಖಾಲಿಯಿದೆಯೆಂದು ತಿಳಿದು ಅರ್ಜಿ ಕಳುಹಿಸುತ್ತಿರುವುದಾಗಿ ಮೊದಲು ಹೇಳಿದ್ದಾರೆ. ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ ಎಫ್.ಎ.ವರೆಗೆ ಓದಿದುದಾಗಿಯೂ, ಕೆಲವು ಪ್ರತಿಕೂಲ ಸಂದರ್ಭಗಳಿಂದ ಓದು ಮುಂದುವರಿಯಲಿಲ್ಲವೆಂದೂ ಒಂದೇ ವಾಕ್ಯದಲ್ಲಿ ತಿಳಿಸಿದ್ದಾರೆ. ಅನಂತರ ತಮ್ಮ ಕಾಲವನ್ನೆಲ್ಲ ಗಣಿತಕ್ಕೆ ಮೀಸಲಿಟ್ಟಿರುವುದನ್ನೂ, ಕೆಲಸ ದೊರೆತರೆ ಅದನ್ನು ಸರಿಯಾಗಿ ನಿರ್ವಹಿಸಬಲ್ಲೆನೆಂಬ ಭರವಸೆಯನ್ನೂ ಹೇಳಿ ಮುಗಿಸಿದ್ದಾರೆ. ನಿಂತುಹೋದ ಓದನ್ನು ಮುಚ್ಚಿಡಲಿಲ್ಲ. ಅದನ್ನು ಹಿಡಿದು ಗೋಳಾಡಲೂ ಇಲ್ಲ. ಆ ಕಾಗದವೊಂದರಿಂದಲೇ ಕೆಲಸ ದೊರೆಯಿತೆಂದು ನಾನು ಹೇಳುವುದಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಗಣಿತಾಧ್ಯಾಪಕ ಮಿಡಲ್‌ಮಾಸ್ಟರ ಶಿಫಾರಸು ಅದರೊಡನೆ ಇದ್ದಿತು, ಹಿತೈಷಿಗಳೂ ಇದ್ದರು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಅವರನ್ನು ತೆಗೆದುಕೊಂಡರು.

ಅದೇ ರಾಮಾನುಜನ್ 1913ರ ಜನವರಿ 16ರಂದು ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಕಾಗದವು ಇನ್ನೂ ಪ್ರಸಿದ್ಧ. ತಾನು ಪೋರ್ಟ್ ಟ್ರಸ್ಟಿನ ಲೆಕ್ಕದ ಶಾಖೆಯಲ್ಲಿ ಅಲ್ಪ ಸಂಬಳದ ಗುಮಾಸ್ತೆಯೆಂದು ಅದರಲ್ಲಿಯೂ ಮೊದಲೇ ಹೇಳಿಕೊಂಡಿದ್ದಾರೆ. ಆದರೆ ‘ನಾನು ಪ್ರತಿಭಾವಂತನು’ ಎಂಬ ಮಾತನ್ನು ಬರೆಯಲಿಲ್ಲ. ಅದರ ಬದಲು ತಾವು ಕಂಡುಕೊಂಡ ಸಿದ್ಧಾಂತಗಳನ್ನು ಹಲವು ಹಾಳೆಗಳ ತುಂಬ ಬರೆದು ಜೊತೆಗಿಟ್ಟರು. ಅದಕ್ಕೆ ಮುಂಚೆ ಇತರ ವಿದ್ವಾಂಸರಿಗೆ ಬರೆದುದು ಫಲಿಸಿರಲಿಲ್ಲ. ಹಾರ್ಡಿಯವರು ಓದಿದರು, ತಮ್ಮ ಮಿತ್ರ ಲಿಟಲ್‌ವುಡ್ಡರೊಡನೆ ಕುಳಿತು ಪರೀಕ್ಷಿಸಿದರು. 1914ರ ಮಾರ್ಚ್‌ನಲ್ಲಿ ಆ ಗುಮಾಸ್ತೆಯು ಇಂಗ್ಲೆಂಡಿಗೆ ಹಡಗು ಹತ್ತಿದನು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಎಲ್ಲರೂ ರಾಮಾನುಜನ್ ಆಗಲಾರರು, ದಿಟ. ಆದರೆ ಗುಣವನ್ನು ಬಾಯಲ್ಲಿ ಹೇಳದೆ ಕೆಲಸವನ್ನು ಮುಂದಿಡುವ ಕ್ರಮವು ಎಲ್ಲರಿಗೂ ಸಾಧ್ಯ.

ಕೆಲಸ ಕೊಡುವವನ ಅಗತ್ಯವನ್ನು ನೋಡಿ ತನ್ನ ವಿದ್ಯೆಗಳಲ್ಲಿ ಯಾವುದನ್ನು ಮುಂದಿಡಬೇಕೆಂದು ಆರಿಸುವುದು ಇನ್ನೊಂದು ವಿವೇಕ. ಇಟಲಿಯ ಲಿಯೊನಾರ್ಡೊ ಡ ವಿಂಚಿಯು 1482ರ ಸುಮಾರಿಗೆ ಮಿಲಾನಿನ ಅಧಿಪತಿಯಾದ ಲುಡೊವಿಕೊ ಸ್ಫೋರ್ಜಾನಿಗೆಂದು ಸಿದ್ಧಪಡಿಸಿದ ಬಿನ್ನಹದ ಕರಡು ಉಳಿದುಬಂದಿದೆ. ಲೋಕವು ಆತನನ್ನು ನೆನೆಯುವುದು ಚಿತ್ರಗಳಿಂದ. ಆದರೆ ಆ ಪ್ರಭುವಿಗೆ ಯುದ್ಧದ ಚಿಂತೆಯಿದ್ದುದನ್ನು ತಿಳಿದು, ಹಗುರವಾದ ಸೇತುವೆಗಳು, ಕೋಟೆ ಮುರಿಯುವ ಉಪಾಯಗಳು, ಫಿರಂಗಿಗಳು ಎಂದು ಸಂಖ್ಯೆ ಹಾಕಿ ಎಣಿಸಿ, ಶಿಲ್ಪವನ್ನೂ ಚಿತ್ರಕಲೆಯನ್ನೂ ಕಡೆಯಲ್ಲಿ ಹೇಳಿದ್ದಾನೆ. ಅಷ್ಟು ದೂರ ಹೋಗುವುದೇಕೆ? ನಮ್ಮ ವಿರಾಟಪರ್ವವನ್ನು ತೆರೆದರೆ ಐವರು ಅಣ್ಣತಮ್ಮಂದಿರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬಂದು ಕೆಲಸ ಕೇಳುವುದನ್ನು ಕಾಣುತ್ತೇವೆ. ಭೀಮನು ಅಡುಗೆಮನೆಯನ್ನು, ಅರ್ಜುನನು ನಾಟ್ಯಶಾಲೆಯನ್ನು, ನಕುಲನು ಲಾಯವನ್ನು, ಸಹದೇವನು ಗೋವುಗಳನ್ನು ಕೇಳಿದರು. ಗಾಂಡೀವಿಯಾದವನು ಅಲ್ಲಿ ಬಿಲ್ಲಿನ ಮಾತೆತ್ತಲಿಲ್ಲ. ಅಜ್ಞಾತವಾಸದ ನಿರ್ಬಂಧದಿಂದ ಹೆಸರನ್ನು ಮರೆಸಿಕೊಂಡರೇ ಹೊರತು ಹೇಳಿಕೊಂಡ ವಿದ್ಯೆಯು ಒಬ್ಬರದೂ ಸುಳ್ಳಾಗಿರಲಿಲ್ಲ. ಸೈರಂಧ್ರಿಯಂತೂ, ತನಗೆ ಎಂಜಲನ್ನು ಕೊಡಬಾರದು, ತನ್ನಿಂದ ಕಾಲು ತೊಳೆಯಿಸಬಾರದು ಎಂಬುದನ್ನು ಸುದೇಷ್ಣೆಗೆ ಮೊದಲೇ ತಿಳಿಸಿದಳು. ಕೆಲಸ ಕೇಳುವವರು ಮಾನವನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ.

ಇನ್ನು ಹತ್ತಿರದ ಒಂದು ಪ್ರಸಂಗವನ್ನು ಹೇಳುತ್ತೇನೆ. ನಮ್ಮ ಬೀದಿಯ ಹುಡುಗಿಯೊಬ್ಬಳು, ನನ್ನಲ್ಲಿ ಮೂರು ವರ್ಷ ಸಂಸ್ಕೃತ ಓದಿದವಳು, 2024ರಲ್ಲಿ ಒಂದು ಕಾಗದವನ್ನು ತಂದು ತೋರಿಸಿದಳು. ಔಷಧಿಗಳ ಸಗಟು ವ್ಯಾಪಾರದ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರದ ಸಹಾಯಕರು ಬೇಕಾಗಿದ್ದರು. ಕಾಗದವು ವಿಶೇಷಣಗಳಿಂದ ತುಂಬಿತ್ತು. 2021ರಲ್ಲಿ ಬಿ.ಕಾಂ. ಮುಗಿದಂದಿನಿಂದ ಆವರೆಗಿನ ಮೂರು ವರ್ಷಗಳ ಮಾತೇ ಅದರಲ್ಲಿರಲಿಲ್ಲ.

“ಈ ಮೂರು ವರ್ಷ ಏನು ಮಾಡಿದೆಯಮ್ಮಾ?” ಎಂದು ಕೇಳಿದೆನು.

“ಏನೂ ಇಲ್ಲ ಮೇಷ್ಟ್ರೇ, ಮನೆಯಲ್ಲೇ ಇದ್ದೆ” ಎಂದಳು.

ಅವಳ ತಂದೆಗೆ ಪಾರ್ಶ್ವವಾಯುವಾದುದನ್ನು ಬೀದಿಯವರೆಲ್ಲರೂ ಬಲ್ಲೆವು. ಅವರ ದಿನಸಿ ಅಂಗಡಿಯು ಆ ಕಾಲದಲ್ಲಿ ಒಂದು ದಿನವೂ ಮುಚ್ಚಿರಲಿಲ್ಲ. ಗಲ್ಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದವಳು ಇವಳೇ. ಅದನ್ನು ಏಕೆ ಬರೆಯಲಿಲ್ಲವೆಂದು ಕೇಳಿದಾಗ ಅವಳಿಗಿಂತ ಮೊದಲು ಜೊತೆಯಲ್ಲಿ ಬಂದಿದ್ದ ತಾಯಿಯು ಉತ್ತರ ಹೇಳಿದರು: “ಮನೆಯ ಕಷ್ಟವನ್ನು ಕಾಣದವರ ಮುಂದೆಲ್ಲ ಹೇಳಿಕೊಳ್ಳಬೇಕೆ, ಮೇಷ್ಟ್ರೇ? ಅಂಗಡಿಯಲ್ಲಿ ಕೂತಿದ್ದವಳು ಅಂದರೆ ಅವರು ನಗುವುದಿಲ್ಲವೆ?”

ತಾಯಿಯ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಮನೆಯ ದುಃಖವು ಮನೆಯವರದು. ಅದನ್ನು ಯಾರಿಗೆ ಎಷ್ಟು ಹೇಳಬೇಕೆಂಬ ಅಧಿಕಾರವೂ ಅವರದೇ. ಆದರೆ ದುಃಖವು ಬೇರೆ, ಆ ದುಃಖದ ಕಾಲದಲ್ಲಿ ಮಾಡಿದ ಕೆಲಸವು ಬೇರೆ. “ಕಷ್ಟಕ್ಕೆ ಒಂದು ಪದ ಸಾಕು, ಕೆಲಸಕ್ಕೆ ನಾಲ್ಕು ವಾಕ್ಯ ಬೇಕು” ಎಂದು ನಾನು ಹೇಳಿದೆನು. ಅಂಗಡಿಯ ಲೆಕ್ಕದ ಪುಸ್ತಕವನ್ನು ತರಿಸಿ ನೋಡಿದೆವು. ಪ್ರಕಟಣೆಯಲ್ಲಿ ಆ ಸಂಸ್ಥೆಯವರು, ಚಿಲ್ಲರೆ ಅಂಗಡಿಗಳಿಂದ ಬಾಕಿ ವಸೂಲು ಮಾಡಿ ಲೆಕ್ಕವಿಡಬಲ್ಲವರು ಬೇಕೆಂದು ಬರೆದಿದ್ದರು. ಈ ಹುಡುಗಿಯು ಮೂರು ವರ್ಷ ಮಾಡಿದುದು ಉದ್ರಿ ವಸೂಲಿಯ ಕೆಲಸವನ್ನೇ! ಎರಡು ಸಂಜೆ ಕುಳಿತು ಅವಳೇ ಇಂಗ್ಲಿಷಿನಲ್ಲಿ ಬರೆದ ಹೊಸ ಕಾಗದದ ಸಾರವು ಕನ್ನಡದಲ್ಲಿ ಹೀಗಾಗುತ್ತದೆ:

“ಮಾನ್ಯರೇ, ತಮ್ಮ ಸಂಸ್ಥೆಯಲ್ಲಿ ಲೆಕ್ಕಪತ್ರ ಸಹಾಯಕರ ಸ್ಥಾನವು ಖಾಲಿಯಿರುವುದಾಗಿ ಈ ತಿಂಗಳು 4ನೆಯ ತಾರೀಖಿನ ಪ್ರಕಟಣೆಯಿಂದ ತಿಳಿದು ಈ ಅರ್ಜಿಯನ್ನು ಕಳುಹಿಸುತ್ತಿದ್ದೇನೆ. ಬಾಕಿ ವಸೂಲು ಮಾಡಿ ಲೆಕ್ಕವಿಡಬಲ್ಲವರು ಬೇಕೆಂದು ತಿಳಿಸಿದ್ದೀರಿ. ಆ ಕೆಲಸವನ್ನು ನಾನು ಮೂರು ವರ್ಷ ಮಾಡಿದ್ದೇನೆ.

“2021ರಲ್ಲಿ ಬಿ.ಕಾಂ. ಮುಗಿದ ಕೂಡಲೇ, ತಂದೆಯವರ ಅನಾರೋಗ್ಯದಿಂದ ನಮ್ಮ ದಿನಸಿ ಅಂಗಡಿಯ ಲೆಕ್ಕವು ನನ್ನ ಪಾಲಿಗೆ ಬಂದಿತು. ಆಗ 62 ಮನೆಗಳಿಂದ 2,10,000 ರೂಪಾಯಿ ಉದ್ರಿ ಬರಬೇಕಾಗಿತ್ತು. ಪ್ರತಿಯೊಂದು ಮನೆಗೂ ಪ್ರತ್ಯೇಕವಾದ ಖಾತೆಯನ್ನು ತೆರೆದು, ತಿಂಗಳಿಗೊಮ್ಮೆ ಬಾಕಿಯ ಚೀಟಿಯನ್ನು ಕೊಟ್ಟು, ಕಂತಿನ ಮೇಲೆ ವಸೂಲು ಮಾಡಿದೆನು. 2024ರ ಮಾರ್ಚ್ ವೇಳೆಗೆ ಬಾಕಿಯು 40,000 ರೂಪಾಯಿಗೆ ಇಳಿಯಿತು. ಈ ಕಾರಣದಿಂದ ಅಂಗಡಿಯನ್ನು ಬಿಟ್ಟುಹೋದ ಗಿರಾಕಿಗಳು ಇಲ್ಲ. ಸಗಟು ವ್ಯಾಪಾರಿಗಳ ಬಿಲ್ಲುಗಳನ್ನೂ ಜಿ.ಎಸ್.ಟಿ. ಲೆಕ್ಕವನ್ನೂ ನಾನೇ ನೋಡುತ್ತಿದ್ದೆನು.

“ಈಗ ಅಂಗಡಿಯನ್ನು ತಾಯಿಯವರೂ ತಮ್ಮನೂ ನಡೆಸುತ್ತಿರುವುದರಿಂದ ಜೂನ್ 1ರಿಂದ ಕೆಲಸಕ್ಕೆ ಬರಬಲ್ಲೆನು. ತಾವು ಹೇಳಿದ ದಿನ ಲೆಕ್ಕದ ಪುಸ್ತಕಗಳನ್ನು ತಂದು ತೋರಿಸುತ್ತೇನೆ.”

ಇಷ್ಟೇ. ಕಾಗದವನ್ನು ಅವಳು ಓದಿ ಮುಗಿಸಿದಾಗ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟೆಲ್ಲ ಮಾಡಿದ್ದಾಳೆಯೆ?” ಎಂದರು. ಮಗಳು ಗಲ್ಲದ ಮೇಲೆ ಕುಳಿತುದನ್ನು ದಿನವೂ ಕಂಡಿದ್ದವರು ಅವರು. ಕಂಡುದನ್ನು ಲೆಕ್ಕಕ್ಕೆ ಹಿಡಿದುದು ಆ ದಿನವೇ. ಇದೇ ಮಾದರಿಯಲ್ಲಿ ಬೇರೆ ಎರಡು ಕಡೆಗೆ ಬರೆದ ಕಾಗದಗಳಿಗೆ ಉತ್ತರವೇ ಬರಲಿಲ್ಲ. ಔಷಧಿಯ ಸಂಸ್ಥೆಯವರು ಕರೆಯಿಸಿದರು. ಪದವಿಯ ಅಂಕಗಳನ್ನು ಒಮ್ಮೆ ನೋಡಿ, ಉಳಿದ ಹೊತ್ತನ್ನೆಲ್ಲ ಉದ್ರಿಯ ಮಾತಿನಲ್ಲಿಯೇ ಕಳೆದರಂತೆ. ಆರು ತಿಂಗಳ ಪರೀಕ್ಷಾವಧಿಯ ಮೇಲೆ ತೆಗೆದುಕೊಂಡು, ಅನಂತರ ಸ್ಥಾನವನ್ನು ಖಾಯಂ ಮಾಡಿದರು. ಒಳ್ಳೆಯ ಕಾಗದವು ಕೆಲಸವನ್ನು ಕೊಡಿಸುತ್ತದೆಯೆಂದು ನಾನು ಯಾರಿಗೂ ಭರವಸೆ ಹೇಳಲಾರೆ. ಎದುರಿಗೆ ಕುಳಿತು ಮಾತನಾಡುವ ಅವಕಾಶವನ್ನು ಅದು ಕೊಡಿಸಬಹುದು. ಅದರ ಅಧಿಕಾರವು ಅಲ್ಲಿಗೆ ಮುಗಿಯಿತು.

ಈಚೆಗೆ ಇನ್ನೊಂದು ಸೌಕರ್ಯವು ಬಂದಿದೆ. ಬೇಕಾದ ವಿಷಯವನ್ನು ತಿಳಿಸಿದರೆ ಕ್ಷಣಮಾತ್ರದಲ್ಲಿ ಕಾಗದವನ್ನು ಬರೆದುಕೊಡುವ ಗಣಕ ಸಾಧನಗಳಿವೆ. ಅವುಗಳನ್ನು ನಾನು ನಿಂದಿಸುವವನಲ್ಲ. ಇಂಗ್ಲಿಷಿನ ಅಭ್ಯಾಸವು ಸಾಲದ ಮಕ್ಕಳಿಗೆ ಅಪಶಬ್ದಗಳನ್ನು ತಿದ್ದಿಕೊಳ್ಳುವುದಕ್ಕೆ ಅವು ಉಪಕಾರಿಗಳೇ. ಆದರೆ ಸಂಗತಿಯನ್ನು ಕೊಡದೆ ‘ಒಳ್ಳೆಯ ಕಾಗದವನ್ನು ಬರೆ’ ಎಂದು ಮಾತ್ರ ಹೇಳಿದರೆ, ಎಲ್ಲರಿಗೂ ಒಂದೇ ಬಗೆಯ ಸುಂದರವಾದ ಒಕ್ಕಣೆಯು ಬರುತ್ತದೆ. ನಮ್ಮ ಸಮಿತಿಗೆ ಬಂದ ಅರ್ಜಿಗಳಲ್ಲಿ ಕೆಲವು, ರುಜುವನ್ನು ಮುಚ್ಚಿದರೆ, ಒಬ್ಬನೇ ಬರೆದನೋ ಎಂಬಂತಿದ್ದುವು. ಯಂತ್ರಕ್ಕೆ 62 ಮನೆಗಳ ಉದ್ರಿಯ ವಿಷಯ ತಿಳಿಯದು. ಅದು ಹುಡುಗಿಗೆ ಮಾತ್ರ ತಿಳಿದುದು. ಮೊದಲು ಸಂಗತಿಯನ್ನು ತಾನು ಬರೆದು, ಆಮೇಲೆ ತಿದ್ದಿಸಿಕೊಳ್ಳುವುದು ಸರಿಯಾದ ಕ್ರಮ.

ಕೆಲವು ಚಿಕ್ಕ ಮಾತುಗಳು ಉಳಿದಿವೆ, ಚಿಕ್ಕವಾದರೂ ಅಲಕ್ಷ್ಯಮಾಡತಕ್ಕವಲ್ಲ. ಕಾಗದವು ಒಂದು ಪುಟವನ್ನು ಮೀರಬಾರದು. ಓದುವವರ ಹೆಸರು ಪ್ರಕಟಣೆಯಲ್ಲಿದ್ದರೆ ಅದನ್ನು ಅಕ್ಷರ ತಪ್ಪದೆ ಬರೆಯಬೇಕು. ಇಲ್ಲದಿದ್ದರೆ ‘ಮಾನ್ಯರೇ’ ಎಂದರೆ ಸಾಕು. ಒಂದೇ ಕಾಗದವನ್ನು ಹತ್ತು ಕಡೆಗೆ ಕಳುಹಿಸುವವರು, ಹಿಂದಿನ ಸಂಸ್ಥೆಯ ಹೆಸರನ್ನು ಮುಂದಿನ ಸಂಸ್ಥೆಗೆ ಬರೆದು ಕಳುಹಿಸುವುದುಂಟು. ಅಂತಹ ಅರ್ಜಿಯು ಅಲ್ಲಿಗೇ ಮುಗಿಯಿತು. ಇ-ಮೇಲಿನಲ್ಲಿ ಕಳುಹಿಸುವಾಗ ವಿಷಯದ ಸಾಲಿನಲ್ಲಿ ಸ್ಥಾನದ ಹೆಸರೂ ತನ್ನ ಹೆಸರೂ ಇರಬೇಕು. ಲಗತ್ತಿಸಿದ ಕಡತಕ್ಕೂ ತನ್ನ ಹೆಸರನ್ನೇ ಇಡಬೇಕು. ಲಗತ್ತಿಸಿದ್ದೇನೆಂದು ಬರೆದು ಲಗತ್ತಿಸದೆ ಕಳುಹಿಸುವವರ ಸಂಖ್ಯೆಯು ಅಷ್ಟಿಷ್ಟಲ್ಲ. ಅವರು ಕೇಳದಿದ್ದರೆ ಸಂಬಳದ ಮಾತನ್ನು ಈ ಕಾಗದದಲ್ಲಿ ಎತ್ತಬೇಕಾಗಿಲ್ಲ. ಹಿಂದಿನ ಯಜಮಾನರನ್ನು ದೂರಬಾರದು. ದೂರು ನ್ಯಾಯವಾದುದೇ ಇರಬಹುದು, ಆದರೆ ಓದುವವನು ನಾಳೆ ತನ್ನ ಸರದಿಯೆಂದು ಎಣಿಸುತ್ತಾನೆ. ಕಳುಹಿಸುವುದಕ್ಕೆ ಮುಂಚೆ ಗಟ್ಟಿಯಾಗಿ ಒಮ್ಮೆ ಓದಿಕೊಳ್ಳಬೇಕು. ಕಣ್ಣಿಗೆ ತಪ್ಪಿದ ದೋಷವು ಕಿವಿಗೆ ಸಿಕ್ಕುತ್ತದೆಂಬುದು ಪಾಠಶಾಲೆಯವರೆಲ್ಲರ ಅನುಭವ.

ಕಡೆಯದಾಗಿ ಗೃಹಸ್ಥರಲ್ಲಿ ನನ್ನದೊಂದು ಬಿನ್ನಹ. ಮಕ್ಕಳು ಅರ್ಜಿ ಬರೆಯುವ ಕಾಲವು ಮನೆಯಲ್ಲಿ ಕಠಿನವಾದ ಕಾಲ. ಉತ್ತರ ಬಾರದ ಕಾಗದಗಳ ಭಾರವು ಅವರ ಮುಖದಲ್ಲಿಯೇ ಕಾಣುತ್ತಿರುತ್ತದೆ. ಆಗ ತಂದೆಯಾದವನು ತಾನೇ ಕಾಗದವನ್ನು ಬರೆದುಕೊಡಲು ಹೋಗಬಾರದು. ಪಕ್ಕದ ಮನೆಯ ಮಗನಿಗೆ ಬಂದ ಸಂಬಳವನ್ನು ಊಟದ ಹೊತ್ತಿನಲ್ಲಿ ಎತ್ತಬಾರದು. ಅದರ ಬದಲು ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು, ‘ಇಷ್ಟು ವರ್ಷಗಳಲ್ಲಿ ನೀನು ಏನೇನು ಮಾಡಿದೆ, ಹೇಳು’ ಎಂದು ಕೇಳಲಿ. ಅಜ್ಜಿಯ ಶುಶ್ರೂಷೆ ಮಾಡಿದುದು, ತಮ್ಮನಿಗೆ ಲೆಕ್ಕ ಹೇಳಿಕೊಟ್ಟುದು, ಊರಹಬ್ಬದ ಜಮಾಖರ್ಚು ಬರೆದುದು, ಎಲ್ಲವನ್ನೂ ಹೇಳಲಿ. ಹೇಳಿದುದನ್ನು ಒಂದು ಹಾಳೆಯಲ್ಲಿ ತಾರೀಖಿನೊಡನೆ ಬರೆದಿಡಲಿ. ಅದರಲ್ಲಿ ಎಲ್ಲವೂ ಅರ್ಜಿಗೆ ಬಾರದಿರಬಹುದು. ಆದರೆ ಬರಬೇಕಾದ ನಾಲ್ಕು ವಾಕ್ಯಗಳು ಅದರೊಳಗೇ ಇರುತ್ತವೆ. ಅವುಗಳನ್ನು ಹುಡುಕಿ ಬರೆಯುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು.